ಕೊನೆಯಲ್ಲಿ ನಡೆಯುವವನು

"ಕೋಲ ಹಿಡೀರಿ... ಕಾಲ ಕೆಳಗಿನ ಕಲ್ಲ ಸಡ್ಲ ಅದಾವ."

ಹಿಂದಿನಿಂದ ಬಂದ ದನಿ ಕೇಳಿ ಪ್ರಾಜಕ್ತಾಳ ಎದೆ ಧಸಕ್ಕೆಂದಿತು.

ಈ ದನಿ... ಇಲ್ಲ, ಸಾಧ್ಯವೇ ಇಲ್ಲ!

ಅವಳು ತಿರುಗುವಷ್ಟರಲ್ಲಿ ಪಾದದಡಿಯ ಕಲ್ಲು ಉರುಳಿತು. ಬೀಳುವ ಮೊದಲೇ ಬಿದಿರಿನ ಕೋಲೊಂದು ಅವಳ ಕೈಗೆ ಸಿಕ್ಕಿತು. ಕೋಲಿನ ಇನ್ನೊಂದು ತುದಿಯಲ್ಲಿ ವೃಷಭ ನಿಂತಿದ್ದ.

ಅವಳ ಗಂಡ. ಎರಡು ವರ್ಷ ಮುಖ ತೋರಿಸದ ಗಂಡ!

ಕೆಳಗೆ ಚಿಕ್ಕೋಡಿಯ ಮನೆಗಳ ಮೇಲೆ ಇನ್ನೂ ಮಂಜು ಮಲಗಿತ್ತು. ಮುಂದಿನ ಏರಿನಲ್ಲಿ ಬಿಳಿ ಸೀರೆಯ ಮಾತಾಜಿ, ಅವರ ಹಿಂದೆ ಹತ್ತಿಪ್ಪತ್ತು ಜನ ಸಾಲಾಗಿ ನಡೆಯುತ್ತಿದ್ದರು. ಯಾರೂ ಇತ್ತ ನೋಡಲಿಲ್ಲ.

"ನೀವು... ಇಲ್ಲಿ?"

"ದಾರಿ ತೋರ್ಸಾಕ ಕರದಾರ್ರಿ," ಎಂದ. ಅವನ ಮುಖವೂ ಬಿಳಚಿಕೊಂಡಿತ್ತು. "ನೀವು ಬರ್ತೀರಂತ ನನಗ ಗೊತ್ತಿರಲಿಲ್ಲ."

ಬರ್ತೀರಂತ! ಹಿಡೀರಿ! 'ಪ್ರಾಜೂ' ಎಂದು ಕರೆಯುತ್ತಿದ್ದ ಬಾಯಿ ಇಂದು ದಾರಿಯಲ್ಲಿ ಸಿಕ್ಕ ಯಾರನ್ನೋ ಮಾತಾಡಿಸುವಂತೆ ಮಾತಾಡುತ್ತಿದೆ. ಬಯ್ದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ...

ಅವನು ಅವಳ ಪಾದಗಳತ್ತ ನೋಡಿದ. "ಕಾಲು... ಈಗ ಆರಾಮ ಅದಾವ?"

ಅವಳ ಮೈ ಉರಿಯಿತು. "ನನ್ನ ಕಾಲಿನ ಚಿಂತಿ ನಿಮಗ ಬ್ಯಾಡ! ದಾರಿ ತೋರ್ಸೋರು ಮುಂದ ಇರಬೇಕು. ನೀವು ಹಿಂದ ಏನ ಮಾಡಾಕತ್ತೀರಿ?"

ಅವನು ಕೋಲನ್ನು ಅವಳ ಕೈಯಲ್ಲೇ ಬಿಟ್ಟು, ಎರಡು ಹೆಜ್ಜೆ ಕೆಳಗಿಳಿದು, ಅವಳು ನಡೆಯಲಿ ಎಂದು ಕಾಯುತ್ತ ನಿಂತ.

ಕೋಲನ್ನು ಎಸೆದುಬಿಡಬೇಕು ಅನ್ನಿಸಿತು. ಆದರೆ ಏರು ಕಡಿದಾಗಿತ್ತು. ಅದನ್ನೇ ಊರಿಕೊಂಡು ಹತ್ತಿದಳು. ಬೆನ್ನ ಹಿಂದೆ ಅವನ ಹೆಜ್ಜೆ ಸದ್ದು ಕೇಳುತ್ತಲೇ ಇತ್ತು.

ಮುಂದೆ ನಡೆಯುತ್ತಿದ್ದ ಮಾತಾಜಿ ಬೇರೆ ಯಾರೂ ಅಲ್ಲ, ಪ್ರಾಜಕ್ತಾಳನ್ನು ಎತ್ತಿ ಆಡಿಸಿದ ಅವಳ ಆಜಿ. ಹೋದ ವರ್ಷ ಜೈನ ಸನ್ಯಾಸಿನಿಯಾಗಿ ದೀಕ್ಷೆ ತೆಗೆದುಕೊಂಡ ಮೇಲೆ ಮನೆಯಿಲ್ಲ, ಮೊಮ್ಮಗಳಿಲ್ಲ. ಒಂದು ನವಿಲುಗರಿಯ ಪಿಂಛಿ, ಒಂದು ಕಮಂಡಲ, ನಡೆಯುವ ದಾರಿ, ಇಷ್ಟೇ. ಈಗ ಸ್ತವನಿಧಿಯ ಬಸದಿಗೆ ಹೊರಟಿದ್ದರು. ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗಿ ರಸ್ತೆ ತುಂಬಾ ಕಬ್ಬಿನ ಟ್ರ್ಯಾಕ್ಟರ್‌ಗಳು. ಎಪ್ಪತ್ತು ದಾಟಿದ ಬರಿಗಾಲಿನ ಜೀವ ಅವುಗಳ ನಡುವೆ ನಡೆಯುವುದು ಹೇಗೆ? ಅದಕ್ಕೇ ಜನ ಗುಡ್ಡದ ಮೇಲಿನ ಹಳೆಯ ಕಾಲುದಾರಿ ಹುಡುಕಿದ್ದರು. ಆ ದಾರಿಗಳನ್ನು ಬಲ್ಲವನು ಕಾಲೇಜಿನ ಪಿ.ಟಿ. ಸರ್ ವೃಷಭ. ರಾಯಬಾಗದಿಂದ ಸಹ್ಯಾದ್ರಿಯವರೆಗಿನ ಗುಡ್ಡಗಳನ್ನೆಲ್ಲ ಕಾಲಲ್ಲೇ ಅಳೆದವನು.

ಅವನೇ ದಾರಿ ತೋರಿಸುತ್ತಾನೆಂದು ಅವಳಿಗೆ ಮೊದಲೇ ಯಾರೂ ಹೇಳಿರಲಿಲ್ಲ!

ಗುಡ್ಡದ ನೆತ್ತಿಯಲ್ಲಿ ತಾಡಪತ್ರಿ ಕಟ್ಟಿ ಚೌಕಾ ಹಾಕಿದ್ದರು. ಮಾತಾಜಿಯವರಿಗೆ ಶುದ್ಧವಾಗಿ ಆಹಾರ ಮಾಡುವ ಅಡುಗೆಮನೆ ಅದು. ಸುತ್ತು ರಸ್ತೆಯಲ್ಲಿ ಪಿಕಪ್ ಗಾಡಿಯೊಂದಿಗೆ ಮೊದಲೇ ಬಂದಿದ್ದ ಪ್ರಾಜಕ್ತಾಳ ತಾಯಿ ಲಕ್ಷ್ಮಿಬಾಯಿ ಅಲ್ಲಿ ಒಲೆ ಹಚ್ಚಿದ್ದಳು.

ಅಳಿಯನನ್ನು ಕಂಡದ್ದೇ ಅವಳ ಕೈಯಲ್ಲಿದ್ದ ಹಿತ್ತಾಳೆ ತಂಬಿಗೆ ಠಣ್ಣನೆ ಬಿತ್ತು. ಉರುಳುತ್ತ ಹೋಗಿ ಕಲ್ಲಿಗೆ ಬಡಿದು ನಿಂತಿತು.

"ಅವ್ವಾ, ನಿನಗೂ ಗೊತ್ತಿರಲಿಲ್ಲ?"

"ಇಲ್ಲ ಬೇ..." ತಾಯಿ ಕೂಡಲೇ ಬೆನ್ನು ತಿರುಗಿಸಿದಳು.

ತಾಯಿಗೂ ಸಿಟ್ಟು ಬಂದಿರಬೇಕು ಎಂದುಕೊಂಡಳು ಪ್ರಾಜಕ್ತಾ. ಅದು ಹೆದರಿಕೆ ಎಂದು ಅವಳಿಗೆ ಹೇಗೆ ತಿಳಿಯಬೇಕು?

ಅಂದು ಇನ್ನೊಂದು ಆಘಾತ ಕಾದಿತ್ತು.

ಆಹಾರಕ್ಕೆ ಹೊರಡುವ ಮುನ್ನ ಮಾತಾಜಿ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ಅದಕ್ಕೆ ವಿಧಿ ಎನ್ನುತ್ತಾರೆ. ಆ ಗುರುತು ಕಂಡಲ್ಲಿ ನಿಲ್ಲುತ್ತಾರೆ. ಕಾಣದಿದ್ದರೆ ಅಂದು ಉಪವಾಸ. ಒಂದು ಗುಟುಕು ನೀರೂ ಇಲ್ಲ. ಗುರುತು ಏನೆಂದು ಮುಂಚೆ ಅವರು ಹೇಳುವಂತಿಲ್ಲ, ಯಾರೂ ಕೇಳುವಂತಿಲ್ಲ.

ಎಲ್ಲರೂ ಶುದ್ಧ ಬಟ್ಟೆ ಉಟ್ಟು, ಕಲಶ ಕಾಯಿ ಹಿಡಿದು ಸಾಲಾಗಿ ನಿಂತರು. ಬಲಗೈ ಬೆರಳುಗಳನ್ನು ಹೆಗಲಿಗೆ ತಾಗಿಸಿಕೊಂಡು ಮಾತಾಜಿ ಮೆಲ್ಲನೆ ಬಂದರು.

"ವಂದಾಮಿ ಮಾತಾಜಿ! ಅತ್ರ ಅತ್ರ, ತಿಷ್ಠ ತಿಷ್ಠ! ಆಹಾರ ಜಲ ಶುದ್ಧ!" ಇಲ್ಲೇ ನಿಲ್ಲಿ ಎಂದು ಎಲ್ಲರೂ ಬೇಡಿದರು.

ಮಾತಾಜಿ ಎಲ್ಲರನ್ನೂ ದಾಟಿ ಹೋದರು. ಮತ್ತೊಮ್ಮೆ ಬಂದರು. ದಾಟಿ ಹೋದರು. ಮೂರನೆಯ ಸಲ ಹೆಗಲ ಮೇಲಿನ ಕೈ ಇಳಿಯಿತು.

ಉಪವಾಸ!

ಮರುದಿನವೂ ಹಾಗೇ ಆಯಿತು. ಅಷ್ಟು ದೂರ ಗುಡ್ಡ ಹತ್ತಿಳಿದು, ಖಾಲಿ ಹೊಟ್ಟೆಯಲ್ಲಿ ಆ ಜೀವ ಮರದ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಿತ್ತು. ತುಟಿಗಳು ಒಡೆದಿದ್ದವು. 'ಆಜೀ...' ಎಂದು ಕೂಗಬೇಕು ಅನ್ನಿಸಿತು ಪ್ರಾಜಕ್ತಾಳಿಗೆ. ಹಾಗೆ ಕರೆಯುವಂತೆಯೂ ಇಲ್ಲವಲ್ಲ!

ಚೌಕಾದ ಹೆಂಗಸರಲ್ಲಿ ಗುಸುಗುಸು ಶುರುವಾಯಿತು.

"ನಾಳೆ ಎಲ್ಲಾರೂ ಹಳದಿ ಸೀರಿ ಉಡೂಣು."

"ಸೀರಿದಲ್ಲ ತಗೀರಿ, ಕೈಯಾಗ ಬಾಳಿಹಣ್ಣ ಇರಬೇಕು," ಎಂದಳು ಚಿಂಚಲಿಯ ಕಾಕು, ಎಲ್ಲರ ಚಿಕ್ಕಮ್ಮ. "ಇಲ್ಲಂದ್ರ ಜೋಡಿದ ಇರಬೇಕು. ಗಂಡ ಹೆಂಡತಿ ಕೂಡಿ ನಿಲ್ಲೂದು."

"ನಾವು ನಿಂತಿದ್ವಿಲ್ಲ, ಜೋಡಿಲೆ?"

"ನೀವೇನ ಜೋಡಿ? ನಿಂತಲ್ಲೇ ಹೂರಣಕ್ಕ ಬೆಲ್ಲ ಕಡಿಮಿ ಆತು ಅಂತ ಜಗಳಾಡಿದ್ರಿ!"

ಎಲ್ಲರೂ ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ.

ಪ್ರಾಜಕ್ತಾ ಎದ್ದು ಹೊರಗೆ ಬಂದಳು. ಪಿಕಪ್ ಡ್ರೈವರ್ ಲಗಮಪ್ಪ ಗಾಡಿಗೆ ಒರಗಿ ಸುಣ್ಣದ ಪುಡಿಯ ಚೀಲ ಕಟ್ಟುತ್ತಿದ್ದ. ಕವಲು ದಾರಿಗಳಲ್ಲಿ ಬಾಣದ ಗುರುತು ಹಾಕಲು ಅದು.

"ಲಗಮಪ್ಪಾ, ನಿಮ್ಮ ಸರ ಯಾವಾಗ್ಲೂ ಹಿಂದ ಯಾಕ ಇರ್ತಾರ?"

"ಅಯ್ಯ, ನಾ ಕೇಳಿಲ್ಲೇನ್ರಿ ಅಕ್ಕಾರ? ಮುಂಜಾನೆ ಮುಂದ ಹೋಗಿ ಬಾಣಾ ಹಾಕಿ ಬರ್ತಾರ, ಆಮ್ಯಾಲ ಎಲ್ಲಾರ ಹಿಂದ ನಡೀತಾರ. ಒಂದ ಮುದಕಿ ಕುಂತ್ರ ಅವರೂ ಕುಂದರತಾರ. ಯಾಕ್ರಿ ಸರ ಅಂದ್ರ, 'ಒಮ್ಮೆ ಮುಂದ ನಡದು ಒಂದ ಜೀವಾ ಕಳ್ಕೊಂಡೀನಿ' ಅಂದ್ರು." ಲಗಮಪ್ಪ ದನಿ ತಗ್ಗಿಸಿದ. "ಯಾರೋ ಸತ್ತಿರಬೇಕ್ರಿ, ಪಾಪ."

ಪ್ರಾಜಕ್ತಾಳ ಕಾಲ ಕೆಳಗಿನ ನೆಲವೇ ಸರಿದಂತಾಯಿತು.

ಸತ್ತವಳು ಇಲ್ಲೇ ನಿಂತಿದ್ದಾಳೆ ಎಂದು ಲಗಮಪ್ಪನಿಗೆ ಹೇಗೆ ಹೇಳುವುದು?

ಮದುವೆಯಾದ ಹೊಸದು. ಪನ್ಹಾಳಗಡದಿಂದ ಪಾವನಖಿಂಡಿಗೆ ಮಳೆಗಾಲದ ನಡಿಗೆ. 'ನೀನೂ ಬಾ ಪ್ರಾಜೂ' ಎಂದು ಕರೆದುಕೊಂಡು ಹೋದವನು ತಂಡದ ಮುಂದಾಳು. ಎಲ್ಲರಿಗಿಂತ ಮುಂದೆ, ಬಿರಬಿರನೆ ನಡೆದ. ಹೊಸ ಬೂಟು ಅವಳ ಹಿಮ್ಮಡಿಯನ್ನು ಕಿತ್ತು ತಿಂದಿತ್ತು. ಮಂಜಿನಲ್ಲಿ ಅವನ ನೀಲಿ ರೇನ್‌ಕೋಟು ಸಣ್ಣದಾಗುತ್ತಾ ಹೋಯಿತು. ಒಮ್ಮೆಯಾದರೂ ತಿರುಗಿ ನೋಡುತ್ತಾನೆ... ಈಗ ನೋಡುತ್ತಾನೆ... ಆ ತಿರುವಿನಲ್ಲಿ ನೋಡುತ್ತಾನೆ...

ನೋಡಲಿಲ್ಲ.

ಅವಳು ಕೂತೇಬಿಟ್ಟಳು. ಕುರಿ ಕಾಯುವ ಮನೆಯವರು ಮಜ್ಜಿಗೆ ಕೊಟ್ಟು, ಕಾಲಿಗೆ ಅರಿಷಿಣ ಹಚ್ಚಿ, ಬಸ್ಸು ಹತ್ತಿಸಿದರು. ಅವಳು ಕೊಲ್ಹಾಪುರದಿಂದ ಗಂಡನ ಮನೆಗೆ ಹೋಗಲಿಲ್ಲ. ನೇರ ಅಲಖನೂರಿಗೆ, ತವರಿಗೆ ಬಂದಳು. ಅವನು ಕರೆಯಲು ಬರುತ್ತಾನೆ ಎಂದು ಕಾದಳು. ಮಳೆಯಲ್ಲಿ ಕೆಟ್ಟ ಫೋನು ರಿಪೇರಿಯಾಗಲಿಲ್ಲ. ತಾಯಿ ಹೊಸ ನಂಬರು ಕೊಡಿಸಿದಳು. ತಾನೇ ಅವನಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಬಿಟ್ಟು ಹೋದವನು ಅವನು, ಅವನೇ ಬರಲಿ!

ಅವನು ಬರಲೇ ಇಲ್ಲ.

ಹಾಗಿದ್ದರೆ ಈಗ ಈ ಮಾತೇಕೆ? ಕಳೆದುಕೊಂಡವನು ಹುಡುಕಬೇಕಿತ್ತಲ್ಲ!

ಮೂರನೆಯ ದಿನ ಮಾತಾಜಿ ನಡೆಯುವಾಗ ಎರಡು ಸಲ ತೂಗಾಡಿದರು. ಯಾರೂ ಹಿಡಿಯುವಂತಿರಲಿಲ್ಲ. ವೃಷಭ ಮಾತ್ರ ಎಂದಿಗಿಂತ ಹತ್ತಿರ, ಒಂದು ಕೋಲಿನಷ್ಟು ದೂರದಲ್ಲಿ ಹಿಂದೆಯೇ ಬಂದ. ಅವನ ಕಣ್ಣು ಆ ಬಿಳಿ ಸೀರೆಯ ಅಂಚನ್ನು ಬಿಟ್ಟು ಕದಲಲಿಲ್ಲ.

ಇವತ್ತೂ ವಿಧಿ ಸಿಗದಿದ್ದರೆ...? ಆ ಮಾತನ್ನು ಯಾರೂ ಆಡಲಿಲ್ಲ. ಎಲ್ಲರ ಮುಖದ ಮೇಲೂ ಅದೇ ಇತ್ತು. ಗಂಡಸರೂ ಮಿಂದು ಬಿಳಿ ಪಂಚೆ ಉಟ್ಟರು. ವೃಷಭ ಕೂಡ.

ಚೌಕಾದೊಳಗೆ ಪ್ರಾಜಕ್ತಾ ಕಲಶಕ್ಕೆ ನೀರು ತುಂಬುತ್ತಿದ್ದಳು. ಲಕ್ಷ್ಮಿಬಾಯಿ ಒದ್ದೆ ಕೂದಲಲ್ಲಿ ಒಲೆಯ ಮುಂದೆ ಕೂತಿದ್ದಳು.

"ನನ್ನಿಂದನ ಅವರು ಉಪಾಸ ಅದಾರ, ಪ್ರಾಜೂ."

"ಏನ ಮಾತಾಡ್ತಿ ಅವ್ವಾ? ಏಳು, ಹೊತ್ತಾತು."

"ಮಾತಾಜಿ ನಿಂತ್ರ ನಾ ಏನ ಅನಬೇಕು ಹೇಳು? ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ..." ತಾಯಿ ಒಲೆಯತ್ತ ಮುಖ ತಿರುಗಿಸಿದಳು. "ನನ್ನ ವಚನ ಎಲ್ಲಿ ಶುದ್ಧ ಐತಿ? ಅದಕ್ಕ ಅವರು ನಿಲ್ಲವಲ್ಲರು!"

"ಅವ್ವಾ..."

"ಅಂವ ಬಂದಿದ್ದ ಬೇ! ನಿನ್ನ ಗಂಡ ಬಂದಿದ್ದ!"

ಪ್ರಾಜಕ್ತಾಳ ಕೈಯಿಂದ ನೀರು ಚೆಲ್ಲಿತು.

"ಯಾವಾಗ?"

"ನೀ ಬಂದ ಮೂರನೇ ದಿನ. ಗುಡ್ಡಾ ಎಲ್ಲಾ ಹುಡುಕಿ, ಮೈತುಂಬ ಕೆಸರ, ಮಾರಿ ಗುರುತ ಸಿಗಾಂಗಿಲ್ಲ... ನೀ ಮ್ಯಾಲ ಮಲಗಿದ್ದಿ, ಕಾಲ ಬಾತಿದ್ವು. ನಾ ಬಾಗಲದಾಗ ನಿಂತು, 'ಆಕಿಗೆ ನಿಮ್ಮ ಮಾರಿ ನೋಡೂದ ಬ್ಯಾಡ ಆಗೇತಿ' ಅಂದೆ. ಆಮ್ಯಾಲೂ ಬಂದ. ನಾಕೈದ ಸಲ ಬಂದ. ಹಂಗ ಅಂದು ಅಂದು ಕಳಿಸಿದೆ."

"ಯಾಕ?" ಅವಳು ಕಲಶ ಕೆಳಗಿಟ್ಟಳು. "ಯಾಕ ಅವ್ವಾ?"

"ನಿಮ್ಮಪ್ಪಾ ಇರೂತನಕಾ ನನ್ನ ಬಿಟ್ಟು ಮುಂದ ಮುಂದ ನಡದ. ಸಂತಿಗೆ ಹೋದ್ರೂ, ಬಸದಿಗೆ ಹೋದ್ರೂ, ಹತ್ತ ಮಾರು ಮುಂದ. ಒಂದಿನಾ ತಿರುಗಿ ನೋಡಲಿಲ್ಲ. ನಿನ್ನ ಕಾಲ ನೋಡಿದ ಕೂಡಲೇ... ನನ್ನ ಮಗಳಿಗೂ ಅದ ಆತಲ್ಲ ಅನಿಸ್ತು. ನಂದ ತಪ್ಪಾತು, ಪ್ರಾಜೂ. ಅಂವ ಹಂಗಿನವ ಅಲ್ಲ. ಮೂರ ದಿನದಿಂದ ಎಲ್ಲಾರ ಹಿಂದ ಹ್ಯಾಂಗ ನಡಿಯಾಕತ್ತಾನ ನೋಡೀನಿ..."

ಬಂದಿದ್ದ. ಬಾಗಿಲಿಗೆ ಬಂದಿದ್ದ. ತಾನು ಮಾಳಿಗೆಯಲ್ಲಿ ಗೋಡೆ ನೋಡುತ್ತಾ ಮಲಗಿದ್ದಾಗ, ಹತ್ತು ಮೆಟ್ಟಿಲು ಕೆಳಗೆ ಅವನು ನಿಂತಿದ್ದ!

ತಾಯಿಯ ಮೇಲೆ ಕೂಗಾಡಬೇಕೋ, ತಾಯಿಯನ್ನು ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ತಲೆಯೊಳಗೆ ಎಲ್ಲವೂ ಗಿರ್ರನೆ ತಿರುಗಿತು.

"ಬಂದ್ರು! ಮಾತಾಜಿ ಬಂದ್ರು!" ಹೊರಗೆ ಕೂಗು ಎದ್ದಿತು.

ಯೋಚಿಸಲು ಸಮಯವಿರಲಿಲ್ಲ. ಕೈಗೆ ಸಿಕ್ಕ ಕಾಯಿಯನ್ನು ಕಲಶದ ಮೇಲೆ ಇಟ್ಟುಕೊಂಡು ಓಡಿದಳು. ಸಾಲಿನ ತುದಿಯಲ್ಲಿ ಜಾಗ ಸಿಕ್ಕಿತು. ಪಕ್ಕದಲ್ಲಿ ಯಾರೋ ಬಂದು ನಿಂತರು. ಲಕ್ಷ್ಮಿಬಾಯಿ ಅಳಿಯನ ತೋಳು ಹಿಡಿದು ಎಳೆತಂದು ನಿಲ್ಲಿಸಿದ್ದಳು.

"ಇಲ್ಲಿ ನಿಲ್ರಿ ಅಳಿಯಾರ. ಆಕಿ ಬಾಜೂಕ."

"ಅತ್ತಿ, ಆಕಿಗೆ ಬ್ಯಾಡಾದ್ರ..."

"ಆಕಿ ಎಂದೂ ಬ್ಯಾಡ ಅಂದಿಲ್ಲ. ಅಂದಾಕಿ ನಾನು!"

ವೃಷಭ ಬೆಚ್ಚಿಬಿದ್ದು ಪ್ರಾಜಕ್ತಾಳತ್ತ ನೋಡಿದ. ಅವಳ ಕಣ್ಣಲ್ಲಿ ನೀರು ತುಂಬಿ ಅವನ ಮುಖವೇ ಕಾಣಿಸುತ್ತಿರಲಿಲ್ಲ.

"ವಂದಾಮಿ ಮಾತಾಜಿ! ಅತ್ರ ಅತ್ರ, ತಿಷ್ಠ ತಿಷ್ಠ..."

ಮಾತಾಜಿ ಹಳದಿ ಸೀರೆಗಳನ್ನು ದಾಟಿದರು. ಬಾಳೆಹಣ್ಣುಗಳನ್ನು ದಾಟಿದರು. ಚಿಂಚಲಿಯ ಕಾಕುವನ್ನು ದಾಟಿದರು. ತುದಿಗೆ ಬಂದರು.

ನಿಂತರು!

ಗುಡ್ಡವೇ ಉಸಿರು ಹಿಡಿದಂತಾಯಿತು. ಮಾತಾಜಿಯವರ ಕಣ್ಣು ಪ್ರಾಜಕ್ತಾಳ ಕೈಮೇಲೆ ನೆಟ್ಟಿತ್ತು. ಅವರು ಕದಲಲಿಲ್ಲ.

"ಪ್ರದಕ್ಷಿಣಿ ಹಾಕ್ರಿ!" ಯಾರೋ ಅಳುತ್ತಾ ಕೂಗಿದರು. ಪ್ರಾಜಕ್ತಾ ನಡೆದಳು. ಅವಳ ಹಿಂದೆ ವೃಷಭ. ಮೂರು ಸುತ್ತು. ಚೌಕಾದಲ್ಲಿ "ಮನಶುದ್ಧಿ... ವಚನಶುದ್ಧಿ..." ಎನ್ನುವಾಗ ಲಕ್ಷ್ಮಿಬಾಯಿಯ ದನಿ ಒಡೆದು ಹೋಯಿತು, ಆದರೂ ಎಲ್ಲರಿಗಿಂತ ಜೋರಾಗಿ ಕೇಳಿಸಿತು.

ಆ ಸುಕ್ಕುಗಟ್ಟಿದ ಬೊಗಸೆಗೆ ಮೊದಲ ನೀರು ಎರೆದವಳು ಪ್ರಾಜಕ್ತಾ. ಒಣಗಿದ ಗಂಟಲು ಇಳಿದು ಏರಿದ್ದನ್ನು ಕಂಡು ಅವಳ ಜೀವ ತಂಪಾಯಿತು.

ಆಹಾರ ಮುಗಿದದ್ದೇ ತಡ, ಹೆಂಗಸರು ಅವಳನ್ನು ಮುತ್ತಿದರು.

"ನಾ ಹೇಳಿಲ್ಲ? ಜೋಡಿದ ವಿಧಿ!" ಕಾಕು ಕುಣಿದಾಡಿದಳು. "ಅಗಲಿದ ಜೋಡಿ ಕೂಡಿ ನಿಲ್ಲಬೇಕು, ಅದಕ್ಕ ಕಾದಿದ್ರು! ಇನ್ನ ನೀವು ಬ್ಯಾರೆ ಇರಾಂಗಿಲ್ಲ ನೋಡ್ರಿ. ಇದ್ರ ಆ ಆಹಾರಕ್ಕ ಅಪಚಾರ!"

"ನನ್ನ ಸುಳ್ಳ ಹೋತು, ಅದಕ್ಕ ನಿಂತ್ರು," ಎಂದು ಲಕ್ಷ್ಮಿಬಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಪ್ರಾಜಕ್ತಾಳ ಮನಸ್ಸು ಒಂದು ಕ್ಷಣ ಹಾರಿತು. ಮರುಕ್ಷಣ ಕುಸಿಯಿತು.

ಇನ್ನು ಹೋಗಲೇಬೇಕಲ್ಲ! ಅವನಿಗೂ ಇದೇ ಮಾತು ಹೇಳುತ್ತಾರೆ. ಅಪಚಾರಕ್ಕೆ ಹೆದರಿ ಅವನೂ 'ಬಾ' ಎನ್ನುತ್ತಾನೆ. ಮನಸ್ಸಿದೆಯೋ ಇಲ್ಲವೋ, ಇನ್ನು ಯಾರು ಕೇಳುತ್ತಾರೆ?

ಮಧ್ಯಾಹ್ನ ಮಾತಾಜಿ ಮರದಡಿ ಕೂತಿದ್ದಾಗ ಅವಳು ದೂರದಲ್ಲೇ ಕೈಮುಗಿದು ಕೂತಳು.

"ಮಾತಾಜಿ, ಮುಗದ ಮ್ಯಾಲ ಕೇಳಬಹುದಂತ... ವಿಧಿ ಏನಿತ್ತರಿ?"

ಮಾತಾಜಿ ಕಣ್ಣು ತೆರೆದರು. "ಜುಟ್ಟು ಕೆಳಗಾದ ಕಾಯಿ."

"ಏನ್ರಿ?"

"ಕಲಶದ ಮ್ಯಾಲ ಕಾಯಿ ತಿರುವಿ ಇಟ್ಟಿರಬೇಕು. ಜುಟ್ಟು ಕೆಳಗ, ಬೋಳು ಮ್ಯಾಲ."

ಪ್ರಾಜಕ್ತಾ ದಂಗಾಗಿ ಕೂತಳು. ಮೂರು ದಿನ ಎಲ್ಲರೂ ಎಷ್ಟು ಜಾಗ್ರತೆಯಿಂದ ಜುಟ್ಟು ಮೇಲೆ ಮಾಡಿ, ನೇರ ನಿಲ್ಲಿಸಿ, ಕುಂಕುಮ ಹಚ್ಚಿ ಹಿಡಿದಿದ್ದರು! ಕಾಯಿ ತಲೆಕೆಳಗಾಗಿ ಇಡುವಷ್ಟು ಯಾರಿಗೆ ಮೈಮೇಲಿನ ಎಚ್ಚರ ತಪ್ಪಿತ್ತು, ತನ್ನನ್ನು ಬಿಟ್ಟು?

"ಹಂಗಾರ ಜೋಡಿ... ಜೋಡಿಲೆ ನಿಂತಿದ್ದು...?"

"ಬಾಜೂಕ ಯಾರ ನಿಂತಿದ್ರು ನಾ ನೋಡಿಲ್ಲ. ಕಾಯಿ ನೋಡಿದೆ." ಮಾತಾಜಿಯವರ ಒಡೆದ ತುಟಿಯಲ್ಲಿ ಸಣ್ಣ ನಗೆ ಬಂದು ಹೋಯಿತು. "ನಾ ಹೇಳಿ ಯಾರನ್ನೂ ಕೂಡಸೂದಿಲ್ಲ, ಅಗಲಸೂದಿಲ್ಲ. ಸಣ್ಣಾಕಿದ್ದಾಗಿಂದ ಹಂಗ ನೀನು. ಗಾಬರಿ ಆದ್ರ ಎಲ್ಲಾ ತಿರುವಿ ಇಡ್ತಿದ್ದಿ."

ಸಣ್ಣಾಕಿದ್ದಾಗಿಂದ... ಆಡಿದ ಮಾತು ಮಾತಾಜಿಗೂ ಕೇಳಿಸಿತೇನೋ. ಅವರು ಪಿಂಛಿ ಎತ್ತಿಕೊಂಡು ಮತ್ತೆ ಕಣ್ಣು ಮುಚ್ಚಿದರು.

ಪ್ರಾಜಕ್ತಾ ಎದ್ದಳು. ಎದೆಯ ಮೇಲಿಂದ ದೊಡ್ಡ ಬಂಡೆ ಇಳಿದಿತ್ತು. ವಿಚಿತ್ರ! ಬಂಡೆ ಇಳಿದ ಜಾಗದಲ್ಲೇ ಏನೋ ಚುಚ್ಚುತ್ತಿತ್ತು. ತಾವಿಬ್ಬರೇ ಆ ಗುರುತಾಗಿದ್ದರೆ... ಎಂದು ತನಗೂ ಆಸೆ ಇತ್ತೇ?

ಇತ್ತು. ಸುಳ್ಳೇಕೆ? ಇತ್ತು!

ವೃಷಭ ಕವಲಿನಲ್ಲಿ ಕೂತು ನಾಳೆಯ ದಾರಿಗೆ ಸುಣ್ಣದ ಬಾಣ ಹಾಕುತ್ತಿದ್ದ. ದೂರದಲ್ಲಿ ಸ್ತವನಿಧಿಯ ಗುಡ್ಡ ನೀಲಿಯಾಗಿ ಕಾಣುತ್ತಿತ್ತು. ಅವಳನ್ನು ಕಂಡು ತಟ್ಟನೆ ಎದ್ದ. ಬೆರಳೆಲ್ಲ ಬಿಳಿ.

"ಕಾಕು ಹೇಳಿದ್ರು," ಎಂದ, ತಡೆದು ತಡೆದು. "ಜೋಡಿದ ವಿಧಿ ಇತ್ತಂತ..."

"ಅಲ್ಲ."

"ಅಲ್ಲ?"

"ಕಾಯಿ ತಿರುವಿ ಇಟ್ಟಿದ್ದೆ. ಅಷ್ಟ. ಅದ ವಿಧಿ ಇತ್ತು. ಮಾತಾಜಿ ನಿಮ್ಮನ್ನ ನೋಡೇ ಇಲ್ಲ."

ಅವನ ಮುಖ ಸಣ್ಣದಾಯಿತು. ಹೇಳದೆ ಇದ್ದರೆ ಎಷ್ಟು ಸುಲಭವಿತ್ತು! ಆದರೆ ಸುಳ್ಳಿನಿಂದ ಎರಡು ವರ್ಷ ಹೋಗಿದೆ. ಇನ್ನೊಂದು ಸುಳ್ಳಿನ ಮೇಲೆ ಮನೆ ಕಟ್ಟುವುದು ಅವಳಿಗೆ ಬೇಕಿರಲಿಲ್ಲ.

"ಹಂಗಾರ... ನಾವಲ್ಲ," ಎಂದ ಮೆಲ್ಲಗೆ. "ಅದನ್ನ ಹೇಳಾಕ ಇಲ್ಲೀತನಕಾ ಬಂದ್ರಿ?"

"ಇಲ್ಲ. ಯಾರೂ ಕಳಿಸಲಾರದ ಬಂದೀನಿ ಅಂತ ಹೇಳಾಕ ಬಂದೆ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನೀವು ಮನಿಗೆ ಬಂದಿದ್ದು ನನಗ ಗೊತ್ತಿರಲಿಲ್ಲ. ಗೊತ್ತಿದ್ರ ಕಾಲಿಲ್ಲದಿದ್ರೂ ಇಳದ ಬರ್ತಿದ್ದೆ! ಮತ್ತ ಆ 'ರೀ' ಹಚ್ಚೂದ ಬಿಡ್ರಿ ನನಗ. ಮೂರ ದಿನದಿಂದ ಸಾಯಾಕತ್ತೀನಿ ಅದಕ್ಕ..."

ಅವನ ಕೈಯಿಂದ ಸುಣ್ಣದ ಚೀಲ ಜಾರಿ ಬಿತ್ತು. ಬಾಣ ಅಳಿಸಿ ಹೋಗಿ ನೆಲವೆಲ್ಲ ಬೆಳ್ಳಗಾಯಿತು.

"ಪ್ರಾಜೂ... ಅವತ್ತ ನಾ ತಿರುಗಿ ನೋಡಬೇಕಿತ್ತು."

"ನೋಡಬೇಕಿತ್ತು."

"ಅದಕ್ಕ ನೆಪಾ ಹೇಳೂದಿಲ್ಲ. ಮುಂದ ಇದ್ದಾಂವಗ ಮುಂದಿನ ದಾರಿ ಅಷ್ಟ ಕಾಣ್ತಿತ್ತು. ಗುಡಾರಕ್ಕ ಹೋಗಿ ತಿರುಗಿದ್ರ ನೀ ಇಲ್ಲ... ಆವತ್ತಿಂದ ಮುಂದ ನಡಿಯಾಕ ಕಾಲ ಏಳಾಂಗಿಲ್ಲ ನನಗ."

ಅವಳು ಅಳುತ್ತಲೇ ನಕ್ಕಳು. "ಲಗಮಪ್ಪ, ಯಾರೋ ಸತ್ತಾರ ಅಂತ ತಿಳದಾನ."

"ಹೌದ? ಮತ್ತ ನೀ ಏನಂದಿ?"

"ಏನ ಅನ್ನಲಿ? ನಾನೇ ಆಕಿ ಅಂದ್ರ ದೆವ್ವಂತ ಗಾಡಿ ಬಿಟ್ಟ ಓಡ್ತಿದ್ದ!"

ಅವನೂ ನಕ್ಕ. ನಗುತ್ತಾ ನಗುತ್ತಾ ಮುಖ ಮುಚ್ಚಿಕೊಂಡ. ಕೈ ತೆಗೆದಾಗ ಕೆನ್ನೆಯ ಮೇಲೆಲ್ಲ ಸುಣ್ಣ. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಎರಡು ವರ್ಷದ ಮೇಲೆ ಮೊದಲ ಸಲ ಮುಟ್ಟಿದ ಕೆನ್ನೆ... ಬಿಸಿಯಾಗಿತ್ತು.

ಮೇಲೆ ಚೌಕಾದಿಂದ ಲಕ್ಷ್ಮಿಬಾಯಿ ಕೂಗುತ್ತಿದ್ದಳು. "ಪ್ರಾಜೂ! ಅಳಿಯಾರ! ಊಟಕ್ಕ ಬರ್ರಿ!"

ಇಬ್ಬರೂ ದಾರಿಯತ್ತ ತಿರುಗಿದರು. ಕಾಲುದಾರಿ ಒಬ್ಬರಿಗಷ್ಟೇ ಹಿಡಿಸುವಂತಿತ್ತು. ರೂಢಿಯಂತೆ ವೃಷಭ ಪಕ್ಕಕ್ಕೆ ಸರಿದು ನಿಂತ.

"ಜೋಡಿ ನಡೀಬೇಕಂದ್ರ ದಾರಿ ಸಣ್ಣದ ಐತಿ ಪ್ರಾಜೂ."

"ಐತಿ ನೋಡ್ರಿ." ಅವಳು ಅವನ ಕೋಲನ್ನು ಕೈಗೆ ತೆಗೆದುಕೊಂಡಳು. "ದೊಡ್ಡದಾಗೂತನಕಾ ನಾ ಮುಂದ ನಡೀತೀನಿ. ನೀವು ಬರ್ರಿ."

"ಬಿಟ್ಟ ಹೋದ್ರ?"

ಅವಳು ನಾಲ್ಕು ಹೆಜ್ಜೆ ಹತ್ತಿ, ನಿಂತು, ತಿರುಗಿದಳು.

"ನೋಡಿದ್ರಿಲ್ಲ? ತಿರುಗಿ ನೋಡೀನಿ. ಬರ್ರಿ ಈಗ!"